ಕಲ್ಲಚ್ಚಿನ ಸುಂದಾ, ಪೆನ್ಸಿಲ್ಲಿನ ಕ್ರಕಟೋವ

ಆಗಸ್ಟ್ ತಿಂಗಳ ಮೊದಲ ಭಾನುವಾರ ನೆದರ್‌ಲ್ಯಾಂಡ್ಸ್‌ನ ಡೆವೆಂಟರ್ ಊರಿನಲ್ಲಿ ಹಳೆ ಪುಸ್ತಕಗಳ ಸಂತೆ ಸೇರುತ್ತದೆ. ಐಸೆಲ್ ನದಿಯ ದಡದ ಉದ್ದಕ್ಕೂ, ಊರಿನ ಓಣಿಗಳಲ್ಲೂ ಮೇಜು ಹಾಕಿರುತ್ತಾರೆ. ಎಲ್ಲ ಸಾಲು ಸೇರಿದರೆ ಸುಮಾರು 6 ಕಿಲೋಮೀಟರ್. ಕೆಲಸದ ಮೇಲೆ ಬಂದು ಲೈಡನ್‌ನಲ್ಲಿ ನೆಲೆಸಿದ ಮೇಲೆ ನಾನು ಈ ಸಂತೆ ತಪ್ಪಿಸಿದ್ದು ಕಡಿಮೆ. ಪುಸ್ತಕಕ್ಕಿಂತ ಜಾಸ್ತಿ ನನಗೆ ಬೇಕಾಗಿರುವುದು ನಕ್ಷೆಗಳು.

ಆ ಸಲ ಒಂದು ಮೇಜಿನ ಕೆಳಗೆ ಕಟ್ಟು ಹಾಕಿಸಿದ ನಕ್ಷೆಯೊಂದು ಗೋಡೆಗೆ ಒರಗಿಕೊಂಡಿತ್ತು. ಗಾಜು ಒಂದು ಮೂಲೆಯಲ್ಲಿ ಸೀಳಿತ್ತು. ಗಾಜಿನ ಒಳಗೂ ದೂಳು. ಆದರೂ ಆ ನೀಲಿ ಕಣ್ಣಿಗೆ ಬಿತ್ತು. ಒಂದು ಕಡೆ ಸುಮಾತ್ರಾದ ಕೆಳತುದಿ, ಇನ್ನೊಂದು ಕಡೆ ಜಾವಾದ ಪಡುವಣ ಅಂಚು, ನಡುವೆ ಸುಂದಾ ಜಲಸಂಧಿ. "ಹಳೇ ಇಂಡಿಯೆ ನಕ್ಷೆ" ಅಂದರು ಅಂಗಡಿಯವರು. ಡಚ್ಚರ ಬಾಯಲ್ಲಿ ಇಂಡಿಯೆ ಅಂದರೆ ನಮ್ಮ ದೇಶ ಅಲ್ಲ, ಅವರು ಆಳಿದ ಇಂಡೋನೇಷ್ಯಾ. ಬಂದ ಹೊಸದರಲ್ಲಿ ನಾನು ಈ ಪದಕ್ಕೆ ಎಷ್ಟು ಸಲ ಕಿವಿ ನಿಮಿರಿಸಿದ್ದೆನೋ.

ಜಲಸಂಧಿಯ ನಡುವೆ ಒಂದಷ್ಟು ಪುಟ್ಟ ದ್ವೀಪಗಳು. ಅವುಗಳಲ್ಲಿ ಒಂದು ಹೆಬ್ಬೆರಳ ಉಗುರಿನಷ್ಟಿತ್ತು. ಅದರ ಪಕ್ಕ ಸಣ್ಣಕ್ಷರದಲ್ಲಿ ಹೆಸರು: ಕ್ರಕಟೋವ. ದ್ವೀಪದ ಮೇಲೆ ಏನೋ ಬೂದು ಮಸಿ ಮೆತ್ತಿದ ಹಾಗಿತ್ತು. "ಯಾರೋ ಪೆನ್ಸಿಲ್‌ನಲ್ಲಿ ಗೀಚಿದ್ದಾರೆ, ರಬ್ಬರ್ ಹಾಕಿದರೆ ಹೋಗುತ್ತದೆ" ಅಂದರು ಅವರು. ಆ ಮಾತನ್ನು ನಾನು ಹಾಗೇ ನಂಬಿದೆ.

ಕೊಳ್ಳುವ ಮೊದಲು ಮಾತ್ರ ಬ್ಯಾಗಿನಿಂದ ಲೂಪ್ ತೆಗೆದೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಪುಟ್ಟ ಭೂತಗನ್ನಡಿ ಅದು. ಬಣ್ಣದ ಹಳೆ ನಕ್ಷೆ ಕೊಳ್ಳುವವರು ಜೇಬಲ್ಲಿ ಇದೊಂದನ್ನು ಇಟ್ಟುಕೊಳ್ಳಲೇಬೇಕು. ಈಗಿನ ಯಂತ್ರದಲ್ಲಿ ಮಾಡಿದ ನಕಲಾದರೆ ನಾಲ್ಕು ಬಣ್ಣದ ಚುಕ್ಕೆಗಳು ಸುತ್ತು ಕಟ್ಟಿ ಸಣ್ಣ ಹೂಗಳ ಹಾಗೆ ಕಾಣುತ್ತವೆ. ಕೈಯಿಂದ ಬಣ್ಣ ತುಂಬಿದ್ದಾದರೆ ಕುಂಚ ನಿಂತ ಕಡೆ ಬಣ್ಣ ಮಡುಗಟ್ಟಿರುತ್ತದೆ, ಗೆರೆ ದಾಟಿ ಆಚೆ ಹೋಗಿರುತ್ತದೆ. ಕಲ್ಲಿನ ಮೇಲಿಂದ ಹಾಳೆಗೆ ಮುದ್ರಿಸುವ ಕಲ್ಲಚ್ಚಿನಲ್ಲಿ ಸಾಮಾನ್ಯವಾಗಿ ಸಾಸಿವೆ ಎರಚಿದ ಹಾಗೆ ಒಂದೊಂದೂ ಬೇರೆ ಆಕಾರದ ಚುಕ್ಕೆ.

ಇಲ್ಲಿ ಈ ಮೂರೂ ಇರಲಿಲ್ಲ. ಗಾಜಿನ ಮೇಲೆ ಲೂಪ್ ಒತ್ತಿ ನೋಡಿದರೆ ಬರೀ ಗೆರೆಗಳು! ಸಮುದ್ರದ ನೀಲಿ ಅಂದುಕೊಂಡದ್ದೆಲ್ಲ ಒಂದರ ಪಕ್ಕ ಒಂದು ಎಳೆದ ಕೂದಲಿನಂಥ ನೀಲಿ ಗೆರೆ. ಜಾವಾದ ಹಸಿರು ಹಸಿರೇ ಅಲ್ಲ, ನೀಲಿ ಗೆರೆಗಳ ಮೇಲೆ ಹಳದಿ ಗೆರೆಗಳು. ಬೆಟ್ಟದ ಕಂದು ಬಣ್ಣದಲ್ಲಿ ಮೂರೂ ಇದ್ದವು: ನೀಲಿ, ಹಳದಿ, ಕೆಂಪು. ನಮ್ಮಜ್ಜಿಯ ಇಳಕಲ್ ಸೀರೆಯನ್ನು ಹತ್ತಿರ ಹಿಡಿದರೆ ಹಾಸು ಒಂದು ಬಣ್ಣ, ಹೊಕ್ಕು ಒಂದು ಬಣ್ಣ ಕಾಣುತ್ತಿತ್ತಲ್ಲ, ಅದು ನೆನಪಾಯಿತು. ಲೂಪ್‌ನಲ್ಲಿ ಅಳತೆಪಟ್ಟಿಯೂ ಇದೆ. ಎಣಿಸಿದೆ. ಒಂದು ಮಿಲಿಮೀಟರಿನೊಳಗೆ ಎಂಟು ಗೆರೆ.

ಎದೆ ಹೊಡೆದುಕೊಳ್ಳತೊಡಗಿತು. ಈ ಗೆರೆಗಳ ಬಗ್ಗೆ ನಾನು ಓದಿದ್ದೆ. ಹೇಗ್ ನಗರದಲ್ಲಿ ಸರ್ಕಾರದ ನಕ್ಷೆ ಮುದ್ರಿಸುವ ಟೋಪೊಗ್ರಾಫಿಷೆ ಇನ್‌ರಿಖ್ಟಿಂಗ್ ಅನ್ನುವ ಸಂಸ್ಥೆ ಇತ್ತು. ಅದರ ಮುಖ್ಯಸ್ಥ ಎಕ್‌ಸ್ಟೈನ್ ಒಂದು ಹೊಸ ವಿಧಾನ ಕಂಡುಹಿಡಿದಿದ್ದ. ಅದನ್ನು 1876ರಲ್ಲಿ ಫಿಲಡೆಲ್ಫಿಯಾದ ಜಾಗತಿಕ ಪ್ರದರ್ಶನದಲ್ಲಿ ತೋರಿಸಲಾಗಿತ್ತು. ಕಲ್ಲಿನ ಮೇಲೆ ಡಾಂಬರು ಬೆರೆಸಿದ ಲೇಪ ಹಚ್ಚುವುದು. ಯಂತ್ರಕ್ಕೆ ಸಿಕ್ಕಿಸಿದ ವಜ್ರದ ಮೊನೆಯಿಂದ ಅದರ ಮೇಲೆ ಒತ್ತೊತ್ತಾಗಿ ಗೆರೆ ಕೊರೆಯುವುದು. ಆಮೇಲೆ ಆಸಿಡ್. ಬಣ್ಣ ತೆಳುವಾಗಿ ಬೇಕಾದ ಜಾಗವನ್ನು ಬೇಗ ಮುಚ್ಚಿಬಿಡುವುದು, ಗಾಢವಾಗಿ ಬೇಕಾದ ಕಡೆ ಮತ್ತೆ ಮತ್ತೆ ಆಸಿಡ್ ಕುಡಿಸುವುದು. ಗೆರೆ ಅಗಲವಾದಷ್ಟೂ ಮಸಿ ಜಾಸ್ತಿ ಹಿಡಿಯುತ್ತದೆ. ನೀಲಿ, ಕೆಂಪು, ಹಳದಿಗೆ ಒಂದೊಂದು ಕಲ್ಲು, ಅಕ್ಷರಕ್ಕೂ ತೀರದ ಗೆರೆಗೂ ಇನ್ನೊಂದು. ಹೀಗೆ ಮೂರೇ ಬಣ್ಣದ ಕಲ್ಲುಗಳಿಂದ ಹತ್ತಾರು ಬಣ್ಣ.

ಕಲ್ಲಚ್ಚು ಕನ್ನಡದವರಿಗೆ ಹೊಸದೇನಲ್ಲ. 1843ರಲ್ಲಿ ಶುರುವಾದ ನಮ್ಮ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಬಾಸೆಲ್ ಮಿಷನ್ನಿನವರ ಕಲ್ಲಚ್ಚಿನಲ್ಲೇ ಬಂದದ್ದು. ಆದರೆ ಒಂದೇ ಕಲ್ಲಲ್ಲಿ ಕಪ್ಪು ಮುದ್ರಿಸುವುದು ಬೇರೆ. ಒಂದೇ ಹಾಳೆಯನ್ನು ಸಲಸಲಕ್ಕೂ ಬೇರೆ ಕಲ್ಲಿನ ಮೇಲೆ ಕೂದಲಷ್ಟೂ ಆಚೀಚೆ ಆಗದ ಹಾಗೆ ಕೂರಿಸುವುದು ಬೇರೆ. ನನ್ನ ಹಾಳೆಯಲ್ಲಿ ಜಾವಾದ ತೀರದ ಒಂದು ಕಡೆ ಹಳದಿ ಕಲ್ಲು ಸ್ವಲ್ಪವೇ ಸ್ವಲ್ಪ ಕೆಳಗೆ ಜಾರಿದೆ. ಕಡಲಂಚಿನಲ್ಲಿ ದಾರದಷ್ಟು ತೆಳ್ಳಗೆ ಹಳದಿ ಕಾಣುತ್ತದೆ. ಅಂದು ಕಲ್ಲಿನ ಮುಂದೆ ನಿಂತಿದ್ದವನ ಕೈ ಅಲ್ಲಿದೆ ಅಂತ ನನಗೆ ಅನಿಸುತ್ತದೆ. ಅದಕ್ಕೇ ಆ ಜಾಗ ನನಗೆ ಇಷ್ಟ.

85 ಯೂರೋ ಹೇಳಿದರು, 70ಕ್ಕೆ ಕೊಟ್ಟರು. ಸೀಳಿದ ಗಾಜು ಹಾಳೆಗೆ ತಾಗಬಾರದು ಅಂತ ಅಲ್ಲೇ ಮೇಲೊಂದು ರಟ್ಟು ಕಟ್ಟಿಸಿಕೊಂಡೆ. ಕಟ್ಟುವ ಮೊದಲು ಫೋನಿನಲ್ಲಿ ನಾಲ್ಕು ಫೋಟೊ ತೆಗೆದೆ. ಅವತ್ತು ನಾನು ಮಾಡಿದ ಒಳ್ಳೆ ಕೆಲಸ ಅದೊಂದೇ ಅಂತ ಆಮೇಲೆ ಗೊತ್ತಾಯಿತು. ರೈಲಿನಲ್ಲಿ ಮನೆ ಸೇರುವವರೆಗೂ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದೆ.

ಮಾರನೇ ವಾರ ಕಟ್ಟು ಬಿಚ್ಚಿದೆ. ಹಿಂಬದಿಯ ಮೊಳೆಗಳು ತುಕ್ಕು ಹಿಡಿದಿದ್ದವು. ಹಾಳೆಯ ಹಿಂದೆ ಕೊಟ್ಟಿದ್ದ ರಟ್ಟು ಅಗ್ಗದ ಮರದ ತಿರುಳಿನದು. ಅದರಲ್ಲಿರುವ ಆಮ್ಲ ವರ್ಷಾನುಗಟ್ಟಲೆ ನಕ್ಷೆಗೆ ಇಳಿದು, ಹಾಳೆಯ ಬೆನ್ನು ಚಹಾ ಬಣ್ಣಕ್ಕೆ ತಿರುಗಿತ್ತು. ಮುಂದಿನ ಚೌಕಟ್ಟಿನ ರಟ್ಟನ್ನು ಅಂಟು ಕಾಗದದ ಪಟ್ಟಿಯಿಂದ ನಕ್ಷೆಗೇ ಅಂಟಿಸಿದ್ದರು. ಮೂರು ಕಡೆ ಸುಲಭವಾಗಿ ಬಿಟ್ಟಿತು. ನಾಲ್ಕನೇ ಕಡೆ ಎಳೆದಾಗ ಅಂಚಿನಲ್ಲಿ ಎರಡು ಬೆರಳಷ್ಟು ಹರಿಯಿತು. ಅಲ್ಲಿಗೆ ಕೈ ಬಿಟ್ಟೆ. ರಟ್ಟು ಎದ್ದ ಕಡೆ, ಕೆಳಗಿನ ಬಲಮೂಲೆಯಲ್ಲಿ, ಇಷ್ಟು ದಿನ ಮುಚ್ಚಿದ್ದ ಸಾಲು ಕಾಣಿಸಿತು: ಟೋಪೊಗ್ರಾಫಿಷೆ ಇನ್‌ರಿಖ್ಟಿಂಗ್, ಹೇಗ್. ನನ್ನ ಎಣಿಕೆ ಸರಿಯಾಗಿತ್ತು! ವರ್ಷ ಮಾತ್ರ ಇರಲಿಲ್ಲ.

ದೂಳು ತೆಗೆಯುವುದು ನನಗೆ ಗೊತ್ತಿದ್ದ ಕೆಲಸ. ಮೆದು ಕುಂಚದಲ್ಲಿ ಮೊದಲು ಗುಡಿಸಬೇಕು. ಆಮೇಲೆ ಬಿಳಿ ರಬ್ಬರನ್ನು ತುರಿಮಣೆಯಲ್ಲಿ ಸಣ್ಣಗೆ ತುರಿದು, ಆ ಪುಡಿಯನ್ನು ಹಾಳೆಯ ಮೇಲೆ ಉದುರಿಸಿ, ಬೆರಳ ತುದಿಯಿಂದ ಸುತ್ತು ಸುತ್ತಾಗಿ ಮೆಲ್ಲಗೆ ಉರುಳಿಸಬೇಕು. ಒತ್ತಬಾರದು. ಪುಡಿ ಕಪ್ಪಾದಾಗ ಗುಡಿಸಿ ಹೊಸದು ಹಾಕಬೇಕು. ಸುಮಾತ್ರಾದ ಕಡೆಯಿಂದ ಶುರು ಮಾಡಿದೆ. ಕಾಗದ ಬೆಳ್ಳಗಾಗುತ್ತಾ ಬಂದ ಹಾಗೆ ಖುಷಿಯೂ ಹೆಚ್ಚಿತು. ಜಲಸಂಧಿಗೆ ಬಂದೆ. ಸೆಬೆಸಿ ದ್ವೀಪದ ಕೆಳಗೆ ಒಂದು ಬೂದು ಗುರುತು ಇತ್ತು, ಹೋಯಿತು. ಅದರ ಪಕ್ಕ ಇನ್ನೊಂದು ಇತ್ತು. ಅದು ಗೀಚಿದ್ದಲ್ಲ ಅಂತ ಆಗ ಕಂಡಿತು. ಒಂದು ಪುಟ್ಟ ಮೊಟ್ಟೆಯಾಕಾರ, ಪಕ್ಕದಲ್ಲಿ ಅಕ್ಷರ. ಸೊಟ್ಟ ಗೀಟಲ್ಲ, ಮೊನೆ ಚೂಪು ಮಾಡಿದ ಪೆನ್ಸಿಲ್‌ನಿಂದ ಕೂತು ಬರೆದದ್ದು.

'ಸ್ಟೇರ್ಸ್'.

ಕೈ ಅಲ್ಲೇ ನಿಂತಿತು. ಫೋನ್ ತೆಗೆದು ಸಂತೆಯ ದಿನದ ಫೋಟೊ ದೊಡ್ಡದು ಮಾಡಿದೆ. ನಾನು ಆಗಷ್ಟೇ ಅಳಿಸಿದ ಜಾಗದಲ್ಲಿ ಇನ್ನೊಂದು ಮೊಟ್ಟೆಯಾಕಾರ, ಪಕ್ಕದಲ್ಲಿ ನಾಲ್ಕಕ್ಷರ. ಗಾಜಿನ ದೂಳಿನ ಹಿಂದೆ ಮಸುಕು ಮಸುಕಾಗಿ, ಆದರೂ ಓದಬಹುದು: 'ಕಾಲ್ಮ್'. ಕಾಲ್ಮೇಯರ್ ಅನ್ನುವುದರ ಮೊದಲ ಭಾಗ.

ಅದೇನು ಅಂತ ಹೇಳಬೇಕಾದರೆ 1883ಕ್ಕೆ ಹೋಗಬೇಕು. ಆ ವರ್ಷ ಮೇ 20ಕ್ಕೆ ಕ್ರಕಟೋವ ದ್ವೀಪದ ಜ್ವಾಲಾಮುಖಿ ಹೊಗೆಯಾಡಲು ಶುರುವಾಯಿತು. ಆಗಸ್ಟ್ 26ರ ಮಧ್ಯಾಹ್ನ ಜೋರಾಯಿತು. 27ರ ಬೆಳಿಗ್ಗೆ ನಾಲ್ಕು ದೊಡ್ಡ ಸ್ಫೋಟ. ಹತ್ತು ಗಂಟೆ ಹೊತ್ತಿಗೆ ಆದದ್ದರ ಸದ್ದು ಸುಮಾರು 4,800 ಕಿಲೋಮೀಟರ್ ದೂರದ, ಹಿಂದೂ ಮಹಾಸಾಗರದ ರಾಡ್ರಿಗಸ್ ದ್ವೀಪದಲ್ಲಿ ಫಿರಂಗಿ ಹಾರಿದ ಹಾಗೆ ಕೇಳಿಸಿತ್ತು. ಮೂರು ಬೆಟ್ಟಗಳಿದ್ದ ದ್ವೀಪದಲ್ಲಿ ದಾನಾನ್ ಮತ್ತು ಪೆರ್ಬುವಾತಾನ್ ಪೂರ್ತಿ ಹೋದವು, ರಕಾಟಾ ಅರ್ಧ ಸೀಳಿ ನಿಂತಿತು. ದ್ವೀಪದ ಮೂರರಲ್ಲಿ ಎರಡು ಪಾಲು ಸಮುದ್ರದಲ್ಲಿ ಕುಸಿಯಿತು. ಅದೇ ಹೊತ್ತಿಗೆ ಕ್ರಕಟೋವ ಮತ್ತು ಸೆಬೆಸಿಯ ನಡುವೆ, ಬಿದ್ದ ಬೂದಿ ಮತ್ತು ಹಗುರ ಕಲ್ಲು ಗುಡ್ಡೆಯಾಗಿ ಎರಡು ಹೊಸ ದ್ವೀಪ ತಲೆಯೆತ್ತಿದವು. ಅವಕ್ಕೆ ಇಟ್ಟ ಹೆಸರು ಸ್ಟೇರ್ಸ್, ಕಾಲ್ಮೇಯರ್. ಅಲೆ ಹೊಡೆದು ಹೊಡೆದು ಕೆಲವೇ ತಿಂಗಳಲ್ಲಿ ಅವೂ ಕರಗಿಹೋದವು.

ಅಂದರೆ ನನ್ನ ಹಾಳೆ ಮುದ್ರಣವಾದಾಗ ಅದರಲ್ಲಿ ಕ್ರಕಟೋವ ಇಡಿಯಾಗಿತ್ತು. ಸುದ್ದಿ ಬಂದ ಮೇಲೆ ಯಾರೋ ಈ ನಕ್ಷೆಯನ್ನು ಮುಂದಿಟ್ಟುಕೊಂಡು ತಿದ್ದಿದ್ದಾರೆ. ಹೋದ ಭಾಗಕ್ಕೆ ಅಡ್ಡಗೆರೆ ಹೊಡೆದಿದ್ದಾರೆ, ಬಂದ ದ್ವೀಪಗಳನ್ನು ಬರೆದಿದ್ದಾರೆ. ಆ ತಿದ್ದುಪಡಿಯಲ್ಲಿ ಕಾಲು ಭಾಗವನ್ನು ನಾನು ಹತ್ತು ನಿಮಿಷದಲ್ಲಿ ಗುಡಿಸಿ ಕಸದ ಬುಟ್ಟಿಗೆ ಹಾಕಿದ್ದೆ. ಅವತ್ತು ರಾತ್ರಿ ಊಟ ಸೇರಲಿಲ್ಲ.

ಮಾರನೇ ದಿನವೇ ಹಳೆ ಕಾಗದ ರಿಪೇರಿ ಮಾಡುವ ಒಬ್ಬ ಮಹಿಳೆಯನ್ನು ಹುಡುಕಿಕೊಂಡು ಹೋದೆ. ಮೂವತ್ತು ವರ್ಷದಿಂದ ಇದೇ ಕೆಲಸ ಅವರದು. ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಓರೆ ಬೆಳಕಿನಲ್ಲಿ ಪೆನ್ಸಿಲ್ ಗೆರೆ ಸೀಸದ ಹಾಗೆ ಮಿನುಗುತ್ತದೆ, ಮುದ್ರಣದ ಮಸಿ ಮಿನುಗುವುದಿಲ್ಲ. "ಇನ್ನು ಇದಕ್ಕೆ ರಬ್ಬರ್ ಮುಟ್ಟಿಸಬೇಡಿ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು.

ಅಳಿಸಿದ್ದನ್ನು ಫೋಟೊ ನೋಡಿ ಮತ್ತೆ ಬರೆಯಬಹುದಲ್ವಾ ಅಂತ ಕೇಳಿದೆ. ಅವರು ತಲೆ ಅಲ್ಲಾಡಿಸಿದರು. "ಬರೆದರೆ ಅದು ನಿಮ್ಮ ಕೈಬರಹ ಆಗುತ್ತದೆ. ನೂರು ವರ್ಷ ಆದ ಮೇಲೆ ನೋಡುವವರಿಗೆ ಯಾವುದು ಯಾರದು ಅಂತ ಹೇಗೆ ತಿಳಿಯಬೇಕು?"

ಹಾಳೆಯನ್ನು ನೀರಿನಲ್ಲಿ ತೊಳೆದು ಆಮ್ಲ ತೆಗೆಯಬಹುದಾ ಅಂತ ನೋಡಲು ಅವರು ಪ್ರತಿ ಬಣ್ಣಕ್ಕೂ ಒದ್ದೆ ಹತ್ತಿ ತಾಗಿಸಿದರು. ನೀಲಿ ಅಲ್ಲಾಡಲಿಲ್ಲ, ಹಳದಿಯೂ ಅಷ್ಟೆ. ಆದರೆ ಜಿಲ್ಲೆಗಳ ಗಡಿಯ ಕೆಂಪು ಹತ್ತಿಗೆ ಹತ್ತಿತು. ಆ ಒಂದು ಗೆರೆ ಮಾತ್ರ ಅಚ್ಚಿನದ್ದಲ್ಲ, ಮುದ್ರಣ ಮುಗಿದ ಮೇಲೆ ಕುಂಚದಲ್ಲಿ ಎಳೆದ ನೀರುಬಣ್ಣ. ಕಲ್ಲಚ್ಚಿನ ಹಾಳೆಗೂ ಹೀಗೆ ಕೈ ಬಿದ್ದಿರುವುದುಂಟು. ಹಾಗಾಗಿ ತೊಳೆಯುವುದು ಬೇಡ ಅಂತ ಆಯಿತು. ಕಲೆ ತೆಗೆಯುವುದೂ ಬೇಡ ಅಂದೆ. ಜಲಸಂಧಿಯ ಬಾಯಲ್ಲಿ ನಾಲ್ಕೈದು ಕಂದು ಚುಕ್ಕೆಗಳಿವೆ, ಇರಲಿ. ಉಳಿದ ಅಂಟು ಪಟ್ಟಿಯ ಮೇಲೆ ಅವರು ಗಂಜಿಯಂಥ ಲೇಪ ಹಚ್ಚಿ, ಅದು ನೆನೆಯುವವರೆಗೂ ಕಾದು, ಚಪ್ಪಟೆ ಕಡ್ಡಿಯಿಂದ ಎಬ್ಬಿಸಿದರು. ನಾನು ಎಳೆದು ಹರಿದಿದ್ದ ಪಟ್ಟಿಯೇ ಅದು. ಅವರ ಕೈಯಲ್ಲಿ ಮಾಗಿದ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಂತು. ಹರಿದ ಜಾಗಕ್ಕೆ ಹಿಂದಿನಿಂದ ಜಪಾನಿನ ತೆಳು ಕಾಗದ, ಗೋಧಿ ಹಿಟ್ಟಿನ ಅಂಟು. ಮುಂದೆ ಬೇಕಾದರೆ ತೇವ ಮಾಡಿ ತೆಗೆಯಬಹುದಾದ ಅಂಟು ಅದು.

ಹಾಳೆ ಅವರ ಬಳಿ ಮೂರು ವಾರ ಇತ್ತು. ಆ ಹೊತ್ತಿನಲ್ಲಿ ನಾನು ಲೈಡನ್ ವಿಶ್ವವಿದ್ಯಾಲಯದ ಲೈಬ್ರರಿಗೆ ಹೋದೆ. ಇಂಡೋನೇಷ್ಯಾದ ಹಳೆ ನಕ್ಷೆಗಳ ದೊಡ್ಡ ಸಂಗ್ರಹ ಅಲ್ಲಿದೆ. ಫೆರ್ಬೇಕ್ ಅನ್ನುವ ಗಣಿ ಎಂಜಿನಿಯರ್‌ನ ಕ್ರಕಟೋವ ವರದಿ ತರಿಸಿಕೊಂಡೆ. ಈತ 1880ರ ಜುಲೈಯಲ್ಲೇ ಆ ದ್ವೀಪಕ್ಕೆ ಹೋಗಿ ಕಲ್ಲು ತಂದಿದ್ದ. ಸ್ಫೋಟದ ಮೇಲೆ 1883ರ ಅಕ್ಟೋಬರ್‌ನಲ್ಲಿ ಸರ್ಕಾರ ಅವನನ್ನೇ ಮತ್ತೆ ಕಳಿಸಿತು. ವರದಿಯ ಜೊತೆಗೆ 25 ಬಣ್ಣದ ಕಲ್ಲಚ್ಚು ಚಿತ್ರಗಳ ಆಲ್ಬಮ್ ಇದೆ. ಸೀಳಿದ ರಕಾಟಾದ ಚಿತ್ರದ ಮುಂದೆ ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. 800 ಮೀಟರ್ ಮೀರಿದ ಬೆಟ್ಟ, ನೆತ್ತಿಯಿಂದ ನೀರಿನವರೆಗೆ ಚಾಕುವಿನಲ್ಲಿ ಕೊಯ್ದ ಹಾಗೆ. ಒಳಗಿನ ಪದರಗಳೆಲ್ಲ ಕಾಣುತ್ತವೆ.

ಫೆರ್ಬೇಕ್‌ನ ನಕ್ಷೆಯನ್ನು ನನ್ನ ಫೋಟೊ ಪಕ್ಕ ಇಟ್ಟು ನೋಡಿದೆ. ಪೆನ್ಸಿಲ್ ಹಿಡಿದವರು ಹೋದ ಭಾಗವನ್ನು ಸರಿಯಾಗಿಯೇ ಗುರುತಿಸಿದ್ದಾರೆ, ಆದರೆ ಕೊಯ್ದ ಗೆರೆ ಎಲ್ಲಿ ಹಾದುಹೋಗುತ್ತದೆ ಅನ್ನುವುದು ಅಂದಾಜಿನದು. ಪಕ್ಕದ ಫೆರ್ಲಾಟೆನ್ ದ್ವೀಪ ಬೂದಿ ಬಿದ್ದು ಬಹಳ ದೊಡ್ಡದಾಗಿತ್ತು, ಅದನ್ನು ಅವರು ತಿದ್ದಿಲ್ಲ. ಫೆರ್ಬೇಕ್ ಹೋಗುವ ಹೊತ್ತಿಗೆ ಸ್ಟೇರ್ಸ್, ಕಾಲ್ಮೇಯರ್ ಎರಡೂ ಹೆಚ್ಚುಕಡಿಮೆ ಕೊಚ್ಚಿಹೋಗಿದ್ದವು. ಇವೆಲ್ಲ ಸೇರಿಸಿ ನೋಡಿದರೆ, ಸರಿಯಾದ ಅಳತೆ ಬರುವ ಮೊದಲೇ, ಮೊದಮೊದಲ ಸುದ್ದಿ ಓದಿ ಬರೆದ ಗುರುತು ಇದು. ಹಡಗಿನಲ್ಲಿ ದುಡಿದವರೋ, ಆ ಕಡೆ ಮಗ-ಮಗಳು ಇದ್ದವರೋ. ಕಾಯುತ್ತಾ ಕೂತವರು ಇರಬೇಕು ಅಂತ ನನ್ನ ಮನಸ್ಸು ಹೇಳುತ್ತದೆ.

ಅದೇ ಲೈಬ್ರರಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿ 1888ರಲ್ಲಿ ತಂದ ವರದಿಯನ್ನೂ ತಿರುವಿದೆ. ಆ ಬೂದಿ ಮೇಲೇರಿ ನಮ್ಮ ಕಡೆಗೂ ಬಂದಿತ್ತು. 1883ರ ಸೆಪ್ಟೆಂಬರ್ ಎರಡನೇ ವಾರ ಮದ್ರಾಸಿನಲ್ಲಿ ಸೂರ್ಯ ಹಸಿರಾಗಿ ಕಂಡಿದ್ದ! ಮೂರು ಬಣ್ಣದ ಕಲ್ಲುಗಳ ಬಗ್ಗೆಯೇ ತಲೆ ತುಂಬಿಕೊಂಡು ಹೋದವಳಿಗೆ ಅದು ಓದಿ ಮೈ ಜುಮ್ಮೆಂದಿತು.

ನಕ್ಷೆ ಮನೆಗೆ ಬಂದ ದಿನ ಪಕ್ಕದ ಮನೆಯ ತಾಂತೆಯನ್ನು ಕರೆದೆ. ಇಂಡೋನೇಷ್ಯಾದಲ್ಲಿ ಹುಟ್ಟಿ, ಐವತ್ತರ ದಶಕದಲ್ಲಿ ಹುಡುಗಿಯಾಗಿದ್ದಾಗ ಅಪ್ಪ ಅಮ್ಮನ ಜೊತೆ ಹಡಗಿನಲ್ಲಿ ಇಲ್ಲಿಗೆ ಬಂದವರು. ಆ ಮನೆತನಗಳಲ್ಲಿ ದೊಡ್ಡವರನ್ನು ಹಾಗೇ ಕರೆಯುವುದು, ನಾವು ಅತ್ತೆ, ಚಿಕ್ಕಮ್ಮ ಅನ್ನುವ ಹಾಗೆ. ಕನ್ನಡಕ ಹಾಕಿಕೊಂಡು ತೀರದ ಊರುಗಳ ಹೆಸರು ಒಂದೊಂದಾಗಿ ಓದಿದರು. ಹಳೆ ಡಚ್ ಕಾಗುಣಿತ ನನ್ನನ್ನು ಬಹಳ ದಾರಿ ತಪ್ಪಿಸಿತ್ತು. ಅದರಲ್ಲಿ ಟಿ-ಜೆ ಅಂದರೆ ಚ, ಬರೀ ಜೆ ಅಂದರೆ ಯ, ಓ-ಇ ಸೇರಿದರೆ ಉ. ಅವರು ಹೇಳಿದ ಹಾಗೆ ನಾನು ಕನ್ನಡದಲ್ಲಿ ಬರೆದುಕೊಂಡೆ: ಆನ್ಯೆರ್. ಮೆರಾಕ್. ಚಾರಿಂಗಿನ್. ತೆಲುಕ್ ಬೆತುಂಗ್. ನಮ್ಮ ಅಕ್ಷರದಲ್ಲಿ ಎಷ್ಟು ಸಲೀಸಾಗಿ ಕೂತವು!

"ಇಲ್ಲಿ ಯಾರೂ ಉಳಿಯಲಿಲ್ಲ ಅಂತ ನಮ್ಮಜ್ಜಿ ಹೇಳುತ್ತಿದ್ದರು, ನೋಡಮ್ಮ" ಅಂತ ಚಾರಿಂಗಿನ್ ಮೇಲೆ ಬೆರಳು ತೋರಿಸಿದರು. ಹಾಳೆ ಮುಟ್ಟಲಿಲ್ಲ, ಒಂದು ಅಂಗುಲ ಮೇಲೆ ಬೆರಳು ನಿಲ್ಲಿಸಿದರು. ಜನ ಹೆಚ್ಚು ಸತ್ತದ್ದು ಬೆಂಕಿಯಿಂದಲ್ಲ, ನೀರಿನಿಂದ. 30 ಮೀಟರ್ ಮೀರಿ ಎದ್ದ ಅಲೆ. ಸರ್ಕಾರದ ಲೆಕ್ಕದಲ್ಲಿ 36,417 ಜನ, ಅಳಿಸಿಹೋದ ಊರು 165. ತೆಲುಕ್ ಬೆತುಂಗ್‌ನಲ್ಲಿ ನಿಂತಿದ್ದ 'ಬೆರೌ' ಅನ್ನುವ ಹಡಗನ್ನು ಅಲೆ ಎತ್ತಿಕೊಂಡು ಹೋಗಿ 2 ಕಿಲೋಮೀಟರಿಗೂ ಜಾಸ್ತಿ ಒಳನಾಡಿನಲ್ಲಿ ಕಾಡಿನ ನಡುವೆ ಇಟ್ಟಿತ್ತು. ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಅಂದರೆ 5 ಕಿಲೋಮೀಟರ್. ಆ 2 ಕಿಲೋಮೀಟರ್ ಇಲ್ಲಿ ಅಕ್ಕಿಕಾಳಿನ ಉದ್ದವೂ ಇಲ್ಲ. ಆ ಊರುಗಳ ಹೆಸರುಗಳೂ ಅಕ್ಕಿಕಾಳಿನಷ್ಟೇ.

ಆಮೇಲೆ ತಾಂತೆ ಅಡ್ಡಗೆರೆ ಹೊಡೆದ ಜಾಗ ತೋರಿಸಿದರು. 1927ರ ಕೊನೆಗೆ ಅಲ್ಲೇ ನೀರಿನಿಂದ ಒಂದು ಹೊಸ ಬೆಟ್ಟ ಎದ್ದಿತು. ಅನಕ್ ಕ್ರಕಟೋವ. "ಅನಕ್ ಅಂದರೆ ಮಗು" ಅಂದರು. 2018ರ ಡಿಸೆಂಬರ್ 22ರ ರಾತ್ರಿ ಆ ಮಗುವಿನ ಒಂದು ಮಗ್ಗುಲು ಕುಸಿದು ಮತ್ತೆ ಅಲೆ ಬಂತು, ನಾನೂರಕ್ಕಿಂತ ಹೆಚ್ಚು ಜನ ಹೋದರು. ಅವತ್ತು ಅವರು ರಾತ್ರಿಯಿಡೀ ಟಿವಿ ಮುಂದೆ ಕೂತಿದ್ದರಂತೆ.

ಈಗ ನಕ್ಷೆಗೆ ಆಮ್ಲವಿಲ್ಲದ ರಟ್ಟು ಹಾಕಿಸಿದ್ದೇನೆ. ಮೇಲಂಚಿನಲ್ಲಿ ಮಾತ್ರ ಎರಡು ಜಪಾನಿ ಕಾಗದದ ತುಂಡಿನಲ್ಲಿ ನೇತಾಡುತ್ತದೆ, ಹವೆಗೆ ಹಾಳೆ ಹಿಗ್ಗಿ ಕುಗ್ಗಲು ಜಾಗ ಇರಬೇಕು. ಅತಿನೇರಳೆ ಕಿರಣ ತಡೆಯುವ ಗಾಜು. ಬಿಸಿಲು ಬೀಳದ ಗೋಡೆ. ರಿಪೇರಿಗೆ 140 ಯೂರೋ ಆಯಿತು, ನಕ್ಷೆಯ ಬೆಲೆಗೆ ಎರಡು ಪಟ್ಟು. ಕೊಟ್ಟದ್ದಕ್ಕೆ ಒಂದು ಚೂರೂ ಬೇಜಾರಿಲ್ಲ.

ಕಟ್ಟಿನ ಹಿಂದೆ ಒಂದು ಲಕೋಟೆ ಇದೆ. ರಿಪೇರಿ ಮಾಡಿದವರು ಹಟ ಹಿಡಿದು ಬರೆಸಿದ್ದು. ಅದರಲ್ಲಿ ಸಂತೆಯ ದಿನ ತೆಗೆದ ಫೋಟೊ ಇದೆ. ಅದರ ಕೆಳಗೆ ಪೆನ್ಸಿಲ್‌ನಲ್ಲೇ ಡಚ್‌ನಲ್ಲಿ ಒಂದು ಸಲ, ಕನ್ನಡದಲ್ಲಿ ಒಂದು ಸಲ ಬರೆದಿದ್ದೇನೆ: ಸೆಬೆಸಿಯ ಕೆಳಗೆ ಕಾಲ್ಮೇಯರ್ ದ್ವೀಪದ ಗುರುತು ಇತ್ತು. ಗೊತ್ತಿಲ್ಲದೆ ಅಳಿಸಿದವಳು ನಾನು. ಕೆಳಗೆ ತಾರೀಖು, ನನ್ನ ಹೆಸರು.